ಬದುಕಿ ಬಂದವರ ಕಥೆ, ಬಾರದವರ ದನಿ: ಆಂಡಿಸ್ ದುರಂತ ತೆರೆಗೆ ಬಂದ ಬಗೆ

1972ರ ಅಕ್ಟೋಬರ್ 13, ಶುಕ್ರವಾರ. ಉರುಗ್ವೆ ವಾಯುಪಡೆಯ 571ನೇ ಸಂಖ್ಯೆಯ ವಿಮಾನ ಆಂಡಿಸ್ ಪರ್ವತಸಾಲಿಗೆ ಬಡಿಯಿತು. ಒಳಗಿದ್ದವರು 45 ಜನ. ಹೆಚ್ಚಿನವರು ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದ ಓಲ್ಡ್ ಕ್ರಿಶ್ಚಿಯನ್ಸ್ ರಗ್ಬಿ ತಂಡದ ಹುಡುಗರು, ಅವರ ಗೆಳೆಯರು, ಮನೆಯವರು. 72 ದಿನ ಕಳೆದ ಮೇಲೆ ಬದುಕಿ ಕೆಳಗಿಳಿದವರು 16 ಮಂದಿ. ಆಗ ಉರುಗ್ವೆಯ ಜನಸಂಖ್ಯೆ ಮೂವತ್ತು ಲಕ್ಷವೂ ಇರಲಿಲ್ಲ. ತಂಡದ ಹುಡುಗರಲ್ಲಿ ಬಹಳಷ್ಟು ಜನ ಕರಾಸ್ಕೊ ಎಂಬ ಒಂದೇ ಬಡಾವಣೆಯ ಕಡೆಯವರು, ಒಂದೇ ಶಾಲೆಯಲ್ಲಿ ಓದಿದವರು. ಮಗ ಬಂದ ಮನೆಯವರೂ ಮಗ ಬಾರದ ಮನೆಯವರೂ ಭಾನುವಾರ ಒಂದೇ ಚರ್ಚಿನಲ್ಲಿ ಎದುರಾಗಬೇಕಿತ್ತು. ಈ ದುರಂತದ ಬಗ್ಗೆ ಕ್ಯಾಮೆರಾ ಹಿಡಿಯುವ ಯಾರೂ ಮೊದಲು ಅರಿಯಬೇಕಾದದ್ದು ಇದನ್ನು.

ಇದೇ ಘಟನೆ ಕಥಾಚಿತ್ರವಾಗಿ ಮೂರು ಸಲ ದೊಡ್ಡದಾಗಿ ಬಂದಿದೆ: 1976ರಲ್ಲಿ ಮೆಕ್ಸಿಕೊದಲ್ಲಿ, 1993ರಲ್ಲಿ ಹಾಲಿವುಡ್‌ನಲ್ಲಿ ಇಂಗ್ಲಿಷಿನಲ್ಲಿ, ಮತ್ತೆ 2023ರಲ್ಲಿ ಸ್ಪೇನಿನ ನಿರ್ದೇಶಕ ಜೆ. ಎ. ಬಯೋನ ಅವರ ಕೈಯಲ್ಲಿ ಸ್ಪ್ಯಾನಿಶ್‌ನಲ್ಲಿ. ಕೊನೆಯದನ್ನು ನಮ್ಮಲ್ಲಿ ಬಹಳ ಜನ ನೆಟ್‌ಫ್ಲಿಕ್ಸ್‌ನಲ್ಲಿ ‘ಸೊಸೈಟಿ ಆಫ್ ದ ಸ್ನೋ’ ಎಂಬ ಹೆಸರಿನಲ್ಲಿ ನೋಡಿದ್ದಾರೆ. ನಿಜ ದುರಂತವೊಂದನ್ನು ತೆರೆಗೆ ತರುವಾಗ ಯಾವ ಯಾವ ತೀರ್ಮಾನ ತೆಗೆದುಕೊಳ್ಳಬೇಕಾಗುತ್ತದೆ, ಒಂದೊಂದು ತೀರ್ಮಾನಕ್ಕೂ ಏನು ಬೆಲೆ ತೆರಬೇಕಾಗುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ಲೆಕ್ಕ

ಚಿತ್ರಕಥೆ ಬರೆಯಲು ಕೂರುವ ಮುನ್ನ ಒಂದು ತಲೆಎಣಿಕೆ ಆಗಬೇಕು. ಆಂಡಿಸ್ ವಿಷಯದಲ್ಲಿ ಅದು ಹೀಗಿದೆ. ವಿಮಾನದಲ್ಲಿ 45. ಅಪ್ಪಳಿಸಿದ ಹೊತ್ತಿನಲ್ಲಿ 12 ಮಂದಿ ಹೋದರು, ಉಳಿದವರು 33. ಮೊದಲ ರಾತ್ರಿ ಕಳೆಯುವುದರೊಳಗೆ ಇನ್ನೂ ಐವರು, ಅಲ್ಲಿಗೆ 28. ಎಂಟನೆಯ ದಿನ ಒಬ್ಬರು, 27. ಅಕ್ಟೋಬರ್ 29ರ ರಾತ್ರಿ ಮಲಗಿದ್ದವರ ಮೇಲೆ ಹಿಮಪಾತ ನುಗ್ಗಿ ಎಂಟು ಜನ, 19. ಆಮೇಲೆ ಗಾಯ, ನಂಜು, ನಿತ್ರಾಣದಿಂದ ಒಬ್ಬೊಬ್ಬರಾಗಿ ಮೂವರು. ಕೊನೆಗೆ 16.

ಸೆಟ್ಟಿನಲ್ಲಿ ಈ ಲೆಕ್ಕಕ್ಕೆ ದಿನವೂ ಕೆಲಸವಿದೆ. ಹದಿನೈದನೆಯ ದಿನದ ದೃಶ್ಯದಲ್ಲಿ ಹಿನ್ನೆಲೆಯಲ್ಲಿ ಕೂತವರು 27 ಇರಬೇಕು. ಒಬ್ಬರು ಹೆಚ್ಚಾದರೆ ಸತ್ತವರೊಬ್ಬರನ್ನು ಕೂರಿಸಿದ ಹಾಗೆ, ಒಬ್ಬರು ಕಡಿಮೆಯಾದರೆ ಬದುಕಿದ್ದವರೊಬ್ಬರನ್ನು ಅಳಿಸಿದ ಹಾಗೆ. ಕಲ್ಪಿತ ಕಥೆಯಲ್ಲಿ ಇಂಥ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಆ ಮುಖಕ್ಕೊಬ್ಬಳು ತಾಯಿ, ಒಬ್ಬ ತಮ್ಮ ಇದ್ದಾರೆ, ಅವರು ಅದನ್ನೇ ಹುಡುಕುತ್ತ ಕೂತಿರುತ್ತಾರೆ.

ಎರಡನೆಯ ಲೆಕ್ಕ ಕಾಲದ್ದು. ಬಯೋನ ಅವರ ಚಿತ್ರದ ಅವಧಿ 144 ನಿಮಿಷ. 72 ದಿನಕ್ಕೆ ಹಂಚಿದರೆ ದಿನಕ್ಕೆ ಸರಿಯಾಗಿ ಎರಡು ನಿಮಿಷ. ಹಾಗೆ ಸಮನಾಗಿ ಹಂಚಲು ಬರುವುದಿಲ್ಲ ಎಂಬುದು ಗೊತ್ತಿರುವ ವಿಷಯವೇ. ಆದರೆ ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು ಎನ್ನುವಲ್ಲಿಯೇ ಸುಳ್ಳು ನುಸುಳುವುದು. ಹಸಿವು ಕಾಲದಲ್ಲಿ ನಡೆಯುವ ಸಂಗತಿ, ಘಟನೆಯಲ್ಲಿ ಅಲ್ಲ. ಏನೂ ನಡೆಯದ ದಿನಗಳನ್ನೆಲ್ಲ ಕತ್ತರಿಸಿ ಅಪಘಾತ, ಹಿಮಪಾತ, ಪಾರಾಗುವಿಕೆ ಮೂರನ್ನೇ ಜೋಡಿಸಿದರೆ ಕೈಗೆ ಬರುವುದು ಸಾಹಸ ಚಿತ್ರ. 72 ದಿನ ಕಾದವರ ಅನುಭವಕ್ಕೂ ಅದಕ್ಕೂ ಸಂಬಂಧ ಇರುವುದಿಲ್ಲ.

ಕಥೆ ಹೇಳುವವರು ಯಾರು

ಈ ಇಡೀ ಕೆಲಸದ ಬೇರು ಇಲ್ಲಿದೆ. ಬದುಕಿ ಬಂದವರು ಮಾತ್ರ ಸಾಕ್ಷಿ ಹೇಳಬಲ್ಲರು. ಹಾಗಾಗಿ ಸಹಜವಾಗಿಯೇ ಕಥೆ ಅವರ ಕಡೆ ವಾಲುತ್ತದೆ. ನ್ಯಾಂಡೊ ಪರಾಡೊ ಮತ್ತು ರಾಬರ್ಟೊ ಕನೆಸ್ಸ ಹತ್ತು ದಿನ ನಡೆದು ಚಿಲಿಯ ಕಣಿವೆಗೆ ಇಳಿದರು; ನದಿಯ ಆಚೆ ದಡದಲ್ಲಿದ್ದ ಸೆರ್ಜಿಯೊ ಕತಲಾನ್ ಎಂಬ ದನಗಾಹಿಗೆ ಕಲ್ಲಿಗೆ ಕಟ್ಟಿದ ಚೀಟಿ ಎಸೆದರು; ಆತ ಬ್ರೆಡ್ ಎಸೆದು, ಕುದುರೆ ಹತ್ತಿ ಪೊಲೀಸ್ ಠಾಣೆಯ ದಾರಿ ಹಿಡಿದ. ಡಿಸೆಂಬರ್ 22 ಮತ್ತು 23ರಂದು ಹೆಲಿಕಾಪ್ಟರ್‌ಗಳು ಉಳಿದವರನ್ನು ಎತ್ತಿ ತಂದವು. ಸಿನಿಮಾಕ್ಕೆಂದೇ ಹೆಣೆದಂತಿರುವ ಕಥೆ ಇದು. 1993ರ ಚಿತ್ರ ಈ ದಾರಿಯನ್ನೇ ಹಿಡಿಯಿತು. ಅದರಲ್ಲಿ ಸತ್ತವರಲ್ಲಿ ಹಲವರ ಹೆಸರು ಬದಲಾಗಿತ್ತು.

ಗೆದ್ದವರ ಕಥೆ ಹೇಳಿದಾಗ ಆಗುವ ತೊಂದರೆ ಒಂದಿದೆ. ಹಾಗಾದರೆ ಸತ್ತವರು ಸೋತವರೇ? ಅವರಿಗೆ ಛಲ ಸಾಲಲಿಲ್ಲವೇ? ಯಾರೂ ಬಾಯಿಬಿಟ್ಟು ಹೇಳದಿದ್ದರೂ ಚಿತ್ರದ ಕಟ್ಟಡವೇ ಅದನ್ನು ಹೇಳಿಬಿಡುತ್ತದೆ. ನಿಜದಲ್ಲಿ ಆದದ್ದು ಬೇರೆ. ವಿಮಾನದ ಹಿಂಭಾಗ ಕಿತ್ತುಹೋದಾಗ ಯಾರು ಯಾವ ಸೀಟಿನಲ್ಲಿದ್ದರು, ಹಿಮ ನುಗ್ಗಿದ ರಾತ್ರಿ ಯಾರು ಯಾವ ಮೂಲೆಯಲ್ಲಿ ಮಲಗಿದ್ದರು ಎನ್ನುವುದೇ ಬಹುಪಾಲು ಜೀವ ಮರಣವನ್ನು ತೀರ್ಮಾನಿಸಿತು. ಛಲದಿಂದ ಬದಲಾಗುವ ಸಂಗತಿಗಳು ಅವಲ್ಲ.

ಬಯೋನ ಇದಕ್ಕೆ ಕೊಟ್ಟ ಉತ್ತರ ದಿಟ್ಟವಾದದ್ದು. ಅವರ ಚಿತ್ರದ ನಿರೂಪಕ ನೂಮಾ ತುರ್ಕಾತಿ. ಆತ ರಗ್ಬಿ ತಂಡದವನಲ್ಲ. ಗೆಳೆಯರು ಕರೆದರೆಂದು ಹೊರಟವನು, ವಿಮಾನದಲ್ಲಿ ಅವನಿಗೆ ಪರಿಚಯವಿದ್ದವರು ಕೆಲವರೇ. ಪ್ರೇಕ್ಷಕರಿಗೂ ಯಾರೂ ಪರಿಚಯವಿಲ್ಲ, ಆದ್ದರಿಂದ ಅವನ ಕಣ್ಣು ನಮ್ಮ ಕಣ್ಣಾಗಿ ಒದಗುತ್ತದೆ. ಕಾಲಿನ ಗಾಯ ನಂಜಾಗಿ ಡಿಸೆಂಬರ್ 11ರಂದು ಅವನು ತೀರಿಕೊಂಡ. ಆ ಬೆಟ್ಟದಲ್ಲಿ ಕೊನೆಗೆ ಸತ್ತವನು ಅವನೇ. ಮರುದಿನವೇ ಪರಾಡೊ, ಕನೆಸ್ಸ ಮತ್ತು ಇನ್ನೊಬ್ಬ ಗೆಳೆಯ ನಡೆಯಲು ಹೊರಟರು. ಚಿತ್ರದಲ್ಲಿ ನೂಮಾ ಸತ್ತ ಮೇಲೂ ಅವನ ದನಿ ನಿಲ್ಲುವುದಿಲ್ಲ. ಅಲ್ಲಿಯವರೆಗೂ ‘ಕಥೆ ಹೇಳುತ್ತಿದ್ದಾನೆ ಅಂದಮೇಲೆ ಬದುಕಿರುತ್ತಾನೆ’ ಎಂದು ಧೈರ್ಯವಾಗಿ ಕೂತಿದ್ದ ನೋಡುಗರಿಗೆ ಆಗ ಕಾಲಕೆಳಗಿನ ನೆಲ ಸರಿಯುತ್ತದೆ. ಈ ಒಂದು ಆಯ್ಕೆಯಿಂದ 29 ಜನ ಕಥೆಯ ಅಂಚಿನಿಂದ ನಡುವಿಗೆ ಬಂದರು. ಯಾರಾದರೂ ಸತ್ತಾಗ ತೆರೆಯ ಮೇಲೆ ಅವರ ಪೂರ್ತಿ ಹೆಸರು, ವಯಸ್ಸು ಮೂಡುತ್ತದೆ. ನಿಜವಾದ ಹೆಸರು, ನಿಜವಾದ ವಯಸ್ಸು.

ಬೇರೆ ದಾರಿಗಳೂ ಇವೆ. 2011ರ ಜುಲೈ 22ರಂದು ನಾರ್ವೆಯ ಉಟೋಯ ದ್ವೀಪದ ಯುವಶಿಬಿರದಲ್ಲಿ 69 ಜನರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಅದರ ಬಗ್ಗೆ ಎರಿಕ್ ಪೊಪ್ಪೆ 2018ರಲ್ಲಿ ಮಾಡಿದ ಚಿತ್ರದಲ್ಲಿ ಪಾತ್ರಗಳೆಲ್ಲ ಕಲ್ಪಿತ. ಬದುಕಿ ಉಳಿದವರ ಹೇಳಿಕೆಗಳಿಂದ ಕಟ್ಟಿದ ಹುಡುಗಿಯೊಬ್ಬಳನ್ನು ಕ್ಯಾಮೆರಾ ಕತ್ತರಿಯಿಲ್ಲದೆ ಹಿಂಬಾಲಿಸುತ್ತದೆ, ದಾಳಿ ನಡೆದಷ್ಟೇ ಹೊತ್ತು, 72 ನಿಮಿಷ. ಕೊಲೆಗಾರ ದೂರದ ನೆರಳಿನಂತೆ ಕಾಣುತ್ತಾನೆ ಅಷ್ಟೆ. ಘಟನೆ ನಡೆದು ಏಳೇ ವರ್ಷವಾಗಿತ್ತು, ಯಾರದೋ ಮಗಳ ನಿಜವಾದ ಕೊನೆಯ ನಿಮಿಷಗಳನ್ನು ಆಡಿ ತೋರಿಸುವುದು ಆ ಹಂತದಲ್ಲಿ ಸಲ್ಲದ ಕೆಲಸ ಆಗುತ್ತಿತ್ತು. ಆಂಡಿಸ್ ಕಥೆಗೆ ಐವತ್ತು ವರ್ಷ ತುಂಬಿತ್ತು, ಹೆಸರು ಹೇಳುವುದೇ ಅಲ್ಲಿ ಗೌರವವಾಯಿತು. ಕಾಲ ಎಷ್ಟು ಕಳೆದಿದೆ ಎನ್ನುವುದು ಈ ತೀರ್ಮಾನದಲ್ಲಿ ದೊಡ್ಡ ಪಾಲು ಪಡೆಯುತ್ತದೆ.

ಹೆಸರು ಬದಲಿಸುವುದು ಸುಲಭದ ದಾರಿ ಅನ್ನಿಸುತ್ತದೆ. ಅದಕ್ಕೂ ನಷ್ಟವಿದೆ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಅನಿಲ ಸೋರಿದಾಗ ರೈಲು ನಿಲ್ದಾಣದಲ್ಲಿ ಕರ್ತವ್ಯದಲ್ಲಿದ್ದ ಉಪ ಸ್ಟೇಷನ್ ಸೂಪರಿಂಟೆಂಡೆಂಟ್ ಗುಲಾಮ್ ದಸ್ತಗೀರ್ ನಿಂತ ರೈಲನ್ನು ಹೊತ್ತಿಗೆ ಮುಂಚೆಯೇ ಬಿಡಿಸಿ ಎಷ್ಟೋ ಜೀವ ಉಳಿಸಿದರು. 2023ರಲ್ಲಿ ಬಂದ ‘ದ ರೈಲ್ವೆ ಮೆನ್’ ಸರಣಿಯಲ್ಲಿ ಆ ಸ್ಫೂರ್ತಿಯ ಪಾತ್ರಕ್ಕೆ ಬೇರೆ ಹೆಸರು. ಸರಣಿ ನೋಡಿದ ಲಕ್ಷಾಂತರ ಜನರ ನೆನಪಿನಲ್ಲಿ ಉಳಿಯುವುದು ಆ ಬೇರೆ ಹೆಸರೇ.

ಒಪ್ಪಿಗೆ ಪಡೆಯುವುದು ಎಂದರೆ

ಬಯೋನ ಅವರ ಚಿತ್ರಕ್ಕೆ ಆಧಾರ ಪಾಬ್ಲೊ ವಿಯೆರ್ಚಿ ಅವರ ಪುಸ್ತಕ. ವಿಯೆರ್ಚಿ ಬದುಕಿ ಬಂದವರ ಶಾಲಾ ಸಹಪಾಠಿ, ಹದಿನಾರೂ ಜನರ ಮಾತನ್ನು ಬೇರೆ ಬೇರೆಯಾಗಿ ದಾಖಲಿಸಿದವರು. ಚಿತ್ರತಂಡ ಅದರ ಮೇಲೆ ಬದುಕಿ ಉಳಿದವರೊಡನೆ ನೂರು ಗಂಟೆಗೂ ಮಿಕ್ಕಿದ ಸಂದರ್ಶನ ನಡೆಸಿತು, ಸತ್ತವರ ಮನೆಗಳಿಗೆ ಹೋಯಿತು, ನಟರನ್ನು ಆ ಕುಟುಂಬಗಳಿಗೆ ಪರಿಚಯಿಸಿತು.

ಇಂಥ ಸಂದರ್ಶನಕ್ಕೆ ಒಂದು ಕ್ರಮವಿದೆ. ಮೊದಲ ಭೇಟಿಯಲ್ಲಿ ರೆಕಾರ್ಡರ್ ಹೊರಗೆ ತೆಗೆಯಬಾರದು. ಏನು ಮಾಡಲಿದ್ದೇವೆ, ಎಲ್ಲಿ ತೋರಿಸಲಿದ್ದೇವೆ, ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂದು ಹೇಳಿ ಬರಬೇಕು. ಎರಡನೆಯ ಸಲ ದುರಂತದ ದಿನದಿಂದ ಶುರುಮಾಡದೆ ಅದರ ಹಿಂದಿನ ವಾರದಿಂದ ಕೇಳಬೇಕು: ಮನೆ ಹೇಗಿತ್ತು, ಚೀಲಕ್ಕೆ ಏನು ತುಂಬಿದರು, ಬಾಗಿಲಲ್ಲಿ ಏನು ಮಾತಾಯಿತು. ನಟನಿಗೆ ಬೇಕಾಗುವುದು ಈ ವಿವರವೇ. ಸಾವಿನ ಗಳಿಗೆಯ ಬಗ್ಗೆ ಅವರಾಗಿ ಹೇಳಿದಷ್ಟೇ ಸಾಕು, ಎಳೆದು ಕೇಳಬಾರದು. ಮಾತು ಮುಗಿದ ಮೇಲೆ ಅವರನ್ನು ಅದೇ ಗಳಿಗೆಯಲ್ಲಿ ಬಿಟ್ಟು ಎದ್ದುಬರಬಾರದು, ಇವತ್ತಿನ ದಿನಕ್ಕೆ, ಮೊಮ್ಮಕ್ಕಳಿಗೆ, ತೋಟಕ್ಕೆ ಮಾತು ತಂದು ನಿಲ್ಲಿಸಬೇಕು. ಮರುದಿನ ಫೋನು ಮಾಡಿ ವಿಚಾರಿಸುವುದು ಕೆಲಸದ ಭಾಗ. ನಿದ್ದೆ ಬಾರದ ರಾತ್ರಿ ಬರುವುದು ಸಂದರ್ಶನದ ನಂತರವೇ.

ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಬ್ಬರ ನೆನಪಿನಲ್ಲಿ ಬೆಳಗ್ಗೆ ಆದದ್ದು ಇನ್ನೊಬ್ಬರ ನೆನಪಿನಲ್ಲಿ ಸಂಜೆ. ಯಾರೂ ಸುಳ್ಳು ಹೇಳುತ್ತಿಲ್ಲ. ಹಸಿವು, ಚಳಿ, ಎತ್ತರ ಮೂರೂ ಸೇರಿದಾಗ ನೆನಪು ಹೀಗೇ ಕೂರುವುದು. ದಿನವಾರು ಪಟ್ಟಿ ಮಾಡಿ, ಪ್ರತಿ ಘಟನೆಯ ಮುಂದೆ ಯಾರು ಕಣ್ಣಾರೆ ಕಂಡರು, ಯಾರು ಕೇಳಿ ತಿಳಿದರು ಎಂದು ಬರೆದಿಟ್ಟರೆ ಬರಹಗಾರ ಎಲ್ಲಿ ಕಲ್ಪನೆ ಸೇರಿಸುತ್ತಿದ್ದಾನೆ ಎಂಬುದು ಅವನಿಗಾದರೂ ಗೊತ್ತಿರುತ್ತದೆ.

ಸತ್ತವರ ಪರವಾಗಿ ಒಪ್ಪಿಗೆ ಕೊಡುವವರು ಯಾರು ಎನ್ನುವುದು ಇನ್ನೂ ಕಠಿಣ. ತಾಯಿ ಒಪ್ಪುತ್ತಾಳೆ, ಅಣ್ಣ ಬೇಡವೆನ್ನುತ್ತಾನೆ. ಕಾನೂನು ಈ ವಿಷಯದಲ್ಲಿ ಸಿನಿಮಾ ಮಾಡುವವರ ಕಡೆಗೇ ಹೆಚ್ಚು ವಾಲಿದೆ. ನಮ್ಮಲ್ಲಿ 1994ರ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನ್ಯಾಯಾಲಯದ ಕಡತವೂ ಸೇರಿದಂತೆ ಸಾರ್ವಜನಿಕ ದಾಖಲೆಯಲ್ಲಿರುವ ಸಂಗತಿಗಳನ್ನು ಪ್ರಕಟಿಸಲು ಯಾರ ಅನುಮತಿಯೂ ಬೇಡ ಎಂದಿತು. ಅದನ್ನು ಮೀರಿ ಖಾಸಗಿ ಬದುಕಿಗೆ ಕೈಹಾಕಿದರೆ ಹೊಣೆ ಹೊರಬೇಕು. ತೀರಿಕೊಂಡ ನಟರೊಬ್ಬರ ತಂದೆ ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ, ಖಾಸಗಿತನದ ಹಕ್ಕು ವ್ಯಕ್ತಿಯೊಂದಿಗೇ ಕೊನೆಯಾಗುತ್ತದೆ, ವಾರಸುದಾರರಿಗೆ ಬರುವುದಿಲ್ಲ ಎಂದಿತು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು ಬೆಂಕಿಗೆ 59 ಜನ ಬಲಿಯಾದ ಘಟನೆ ಕುರಿತ ಸರಣಿಗೆ ತಡೆ ಕೋರಿದ ಅರ್ಜಿಯನ್ನು ಅದೇ ಕೋರ್ಟ್ 2023ರ ಜನವರಿಯಲ್ಲಿ ಒಪ್ಪಲಿಲ್ಲ. ಭೋಪಾಲ ಸರಣಿಗೆ ತಡೆ ಕೋರಿ ಪ್ರಕರಣದಲ್ಲಿ ಶಿಕ್ಷೆಗೊಳಗಾದ ಮಾಜಿ ನೌಕರರಿಬ್ಬರು ಹೋದಾಗ ಬಾಂಬೆ ಹೈಕೋರ್ಟ್ ಕೂಡ ಅದೇ ವರ್ಷದ ನವೆಂಬರಿನಲ್ಲಿ ತಡೆ ಕೊಡಲಿಲ್ಲ. ಲೈಂಗಿಕ ದೌರ್ಜನ್ಯಕ್ಕೊಳಗಾದವರ ಗುರುತು ಮಾತ್ರ ಬಯಲು ಮಾಡುವಂತಿಲ್ಲ, ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅದು ಅಪರಾಧ.

ಅಂದರೆ ಸತ್ತ ಮಗನ ಪಾತ್ರವನ್ನು ತೆರೆಗೆ ತರಲು ತಾಯಿಯ ಸಹಿ ಬಹಳ ಸಲ ಕಾನೂನಿಗೆ ಬೇಕಿಲ್ಲ. ಕೋರ್ಟು ಕೇಳುವುದಿಲ್ಲವೆಂದು ಆ ಮನೆಯ ಬಾಗಿಲು ತಟ್ಟದೆ ಹೋದವರ ಚಿತ್ರದಲ್ಲಿ ಆ ಕೊರತೆ ಕಾಣದೆ ಇರುವುದಿಲ್ಲ. ಮಗ ಬರೀ ಶವವಾಗಿ ಬಂದಿರುತ್ತಾನೆ. ಅವನು ಹೇಗೆ ನಗುತ್ತಿದ್ದ, ಅಡ್ಡಹೆಸರು ಏನಿತ್ತು ಎನ್ನುವುದು ಮನೆಯವರಲ್ಲದೆ ಬೇರೆ ಯಾರಿಗೂ ತಿಳಿದಿರುವುದಿಲ್ಲ.

ಹೇಳಲಾಗದ್ದನ್ನು ತೋರಿಸುವುದು

ಬೆಟ್ಟದ ಮೇಲೆ ತಿನ್ನಲು ಇದ್ದದ್ದು ಸ್ವಲ್ಪ ಚಾಕೊಲೇಟು, ಜ್ಯಾಮು, ವೈನು. ಅದು ಮುಗಿದ ಮೇಲೆ ಅವರು ಸತ್ತ ಗೆಳೆಯರ ದೇಹವನ್ನು ತಿಂದು ಬದುಕಿದರು. ಹುಡುಕಾಟ ನಿಲ್ಲಿಸಲಾಗಿದೆ ಎಂಬ ಸುದ್ದಿ ಅವರ ಪುಟ್ಟ ಟ್ರಾನ್ಸಿಸ್ಟರ್ ರೇಡಿಯೊದಲ್ಲೇ ಬಂದಿತ್ತು. 1972ರ ಡಿಸೆಂಬರ್ ಕೊನೆಯಲ್ಲಿ ಚಿಲಿಯ ಪತ್ರಿಕೆಗಳು ಅಲ್ಲಿನ ದೇಹಭಾಗದ ಫೋಟೋ ಅಚ್ಚುಮಾಡಿದವು. ಬದುಕಿ ಬಂದವರು ಮಾಂಟೆವಿಡಿಯೊದ ತಮ್ಮ ಹಳೆಯ ಶಾಲೆಯಲ್ಲಿ ಪತ್ರಿಕಾಗೋಷ್ಠಿ ಕರೆದು ತಾವೇ ಅದನ್ನು ಹೇಳಬೇಕಾಯಿತು. ಐವತ್ತು ವರ್ಷ ಲೋಕ ಈ ಘಟನೆಯನ್ನು ನೆನಪಿಟ್ಟದ್ದು ಆ ಒಂದು ಕಾರಣಕ್ಕೆ.

ತೆರೆಯ ಮೇಲೆ ಇದನ್ನು ಪೂರ್ತಿ ಮುಚ್ಚಿದರೆ ಮೋಸ, ಎಳೆದು ತೋರಿಸಿದರೆ ಹಿಂಸೆಯ ಪ್ರದರ್ಶನ. ದಾರಿ ಸಿಕ್ಕಿದ್ದು ನಿಜ ಘಟನೆಯೊಳಗೇ. ಅಲ್ಲಿದ್ದ ಮೂವರು ದಾಯಾದಿ ಸಹೋದರರು ಈ ಕೆಲಸವನ್ನು ತಾವು ಹೊತ್ತುಕೊಂಡು, ಉಳಿದವರ ಕಣ್ಣಿಗೆ ಬೀಳದ ಹಾಗೆ ಮಾಡುತ್ತಿದ್ದರು. ಯಾರ ದೇಹ ಎಂದು ತಿನ್ನುವವರಿಗೆ ಗೊತ್ತಾಗಬಾರದು ಎಂಬುದು ಅವರ ಕಾಳಜಿ. ಕ್ಯಾಮೆರಾ ಕೂಡ ಆ ಅಂತರವನ್ನೇ ಪಾಲಿಸಿತು. ಮುಖ ಕಾಣುವುದಿಲ್ಲ, ಕೈಯ ಚಲನೆ ಕಾಣುತ್ತದೆ, ಮೊದಲ ತುಂಡನ್ನು ಬಾಯಿಗಿಟ್ಟವನ ಗಂಟಲು ಕಾಣುತ್ತದೆ. ತೆರೆಯ ಮೇಲಿನ ಹೊತ್ತು ಹೆಚ್ಚಾಗಿ ಸಂದಿರುವುದು ವಾದಕ್ಕೆ: ತಿನ್ನಬಹುದೇ, ದೇವರು ಕ್ಷಮಿಸುತ್ತಾನೆಯೇ, ಸತ್ತವರ ಅನುಮತಿ ಬೇಡವೇ. ಕೊನೆಗೆ ‘ನಾನು ಸತ್ತರೆ ನನ್ನನ್ನು ತಿನ್ನಿ’ ಎಂದು ಒಬ್ಬೊಬ್ಬರೂ ಮಾತು ಕೊಟ್ಟದ್ದು. ಆ ಮಾತನ್ನು ಕೊಟ್ಟವರಲ್ಲಿ ಕೆಲವರು ವಾಪಸು ಬರಲಿಲ್ಲ. ಚಿತ್ರ ಸತ್ತವನ ದನಿಯಲ್ಲಿ ನಡೆಯುವುದಕ್ಕೂ ಇದಕ್ಕೂ ಕೊಂಡಿಯಿದೆ. ನೂಮಾ ತಿನ್ನಲು ಕೊನೆಯವರೆಗೂ ಹಿಂಜರಿದವರಲ್ಲಿ ಒಬ್ಬ.

ಅಪಘಾತದ ಕಾರಣವೂ ಹೀಗೆ ಎಚ್ಚರ ಬೇಡುತ್ತದೆ. ಪ್ಲಾಂಚೊನ್ ಕಣಿವೆದಾರಿಯಿಂದ ಚಿಲಿಯ ಕುರಿಕೊ ಪಟ್ಟಣಕ್ಕೆ ಹನ್ನೊಂದು ನಿಮಿಷದ ಹಾರಾಟ. ಎದುರುಗಾಳಿ, ಕೆಳಗೆಲ್ಲ ಮೋಡ. ಸಹಪೈಲಟ್ ಮೂರೇ ನಿಮಿಷಕ್ಕೆ ಕುರಿಕೊ ತಲುಪಿದೆವೆಂದು ತಿಳಿಸಿ ಉತ್ತರಕ್ಕೆ ತಿರುಗಿಸಿ ಇಳಿಯತೊಡಗಿದ. ಕೆಳಗಿದ್ದದ್ದು ಬಯಲಲ್ಲ, ಪರ್ವತದ ನಟ್ಟನಡುವೆ. ಇದನ್ನು ವಿವರಿಸಲು ಕಾಕ್‌ಪಿಟ್‌ನಲ್ಲಿ ಹತ್ತು ನಿಮಿಷ ಕಳೆದರೆ ಚಿತ್ರ ವಿಚಾರಣಾ ವರದಿಯಾಗುತ್ತದೆ, ಜೊತೆಗೊಬ್ಬ ಖಳನಾಯಕ ಹುಟ್ಟುತ್ತಾನೆ. ಅವನೂ ಅಲ್ಲೇ ಸತ್ತವನು, ಅವನಿಗೂ ಮನೆಯವರಿದ್ದಾರೆ. ಪ್ರಯಾಣಿಕರಿಗೆ ತಿಳಿದಷ್ಟನ್ನೇ ತೋರಿಸುವುದು ಇಲ್ಲಿ ನೇರವಾದ ದಾರಿ: ಕುಲುಕಾಟ, ಹುಡುಗರ ತಮಾಷೆ, ಕಿಟಕಿಯಾಚೆ ಇರಬಾರದಷ್ಟು ಹತ್ತಿರದಲ್ಲಿ ಬಂಡೆ.

ನಮ್ಮಲ್ಲಿ ಮಂಗಳೂರಿನ ನೆನಪಿದೆ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಟೇಬಲ್‌ಟಾಪ್ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಜನರಲ್ಲಿ ಉಳಿದವರು ಎಂಟು. ಇಳಿಸುವುದು ಬೇಡ, ಮೇಲಕ್ಕೆತ್ತಿ ಎಂದು ಸಹಪೈಲಟ್ ಮೂರು ಸಲ ಎಚ್ಚರಿಸಿದ್ದನ್ನು ತನಿಖಾ ವರದಿ ದಾಖಲಿಸಿದೆ. ಮುಂದೆ ಯಾರಾದರೂ ಅದನ್ನು ಚಿತ್ರ ಮಾಡಲು ಹೊರಟರೆ ಆ ಒಂದು ಸಾಲು ಅವರನ್ನು ಸೆಳೆಯದೆ ಬಿಡದು. ಆ ಎಂಟು ಜನರಿಗೂ ಸತ್ತ 158 ಜನರ ಮನೆಯವರಿಗೂ ಆ ಬೆಳಗ್ಗೆ ಬೇರೆಯದೇ ಆಗಿತ್ತು: ದುಬೈನಿಂದ ತಂದ ಪೆಟ್ಟಿಗೆಗಳು, ಹೊರಗೆ ಕಾಯುತ್ತಿದ್ದ ಬಂಧುಗಳು, ಕೊನೆಗೂ ಗುರುತು ಸಿಗದೆ ಒಟ್ಟಿಗೆ ಮಣ್ಣು ಮಾಡಿದ ದೇಹಗಳು.

ಭಾಷೆ, ದೇಹ, ಹಿಮ

ಬಯೋನ ಅವರ 2012ರ ಸುನಾಮಿ ಚಿತ್ರದ ಕಥೆ ನಿಜದಲ್ಲಿ ಸ್ಪೇನಿನ ಕುಟುಂಬವೊಂದರದು, ತೆರೆಯ ಮೇಲೆ ಅದು ಇಂಗ್ಲಿಷ್ ಆಡುವ ಕುಟುಂಬವಾಗಿತ್ತು. ಆಂಡಿಸ್ ಚಿತ್ರವನ್ನು ಸ್ಪ್ಯಾನಿಶ್‌ನಲ್ಲೇ ಮಾಡಬೇಕೆಂಬ ಹಟಕ್ಕೆ ಹಣ ಹೊಂದಿಸಲು ಹತ್ತು ವರ್ಷವೇ ಹಿಡಿಯಿತು. ಅದರಲ್ಲೂ ಸ್ಪೇನಿನ ನುಡಿಯಲ್ಲ, ಉರುಗ್ವೆಯ ನುಡಿ. ನಟರನ್ನು ಉರುಗ್ವೆ, ಅರ್ಜೆಂಟೀನಾದಿಂದ ಆರಿಸಿದರು, ಹೆಚ್ಚಿನವರು ಹೊಸಬರು. ಪರಿಚಿತ ಮುಖ ಇದ್ದರೆ ‘ಇವನು ಸಾಯುವುದಿಲ್ಲ ಬಿಡು’ ಎಂದು ಪ್ರೇಕ್ಷಕ ಮೊದಲ ಹತ್ತು ನಿಮಿಷದಲ್ಲೇ ಲೆಕ್ಕ ಹಾಕಿಬಿಡುತ್ತಾನೆ. ಮಂಗಳೂರಿನ ವಿಮಾನದ ಕಥೆಯನ್ನು ಎಲ್ಲರ ಬಾಯಲ್ಲೂ ಬೆಂಗಳೂರು ಕನ್ನಡ ಹಾಕಿ ತೆಗೆದರೆ ಏನಾದೀತು ಎಂದು ಯೋಚಿಸಿದರೆ ಸಾಕು. ಆ ಸೀಟುಗಳಲ್ಲಿ ಕೂತವರು ತುಳು, ಬ್ಯಾರಿ, ಕೊಂಕಣಿ, ಮಲಯಾಳ ಆಡುವವರು, ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನವರು. ಮನೆಮಾತು ಹೋದರೆ ಮನುಷ್ಯನೇ ಹೋದ.

ಚಿತ್ರೀಕರಣ ಬಹುಮಟ್ಟಿಗೆ ಕಥೆಯ ಕ್ರಮದಲ್ಲೇ ನಡೆಯಿತು. ಸಾಮಾನ್ಯವಾಗಿ ಯಾರೂ ಹೀಗೆ ಮಾಡುವುದಿಲ್ಲ. ಒಂದು ಜಾಗದ ದೃಶ್ಯಗಳನ್ನೆಲ್ಲ ಒಟ್ಟಿಗೆ ಮುಗಿಸಿ ಮುಂದಿನ ಜಾಗಕ್ಕೆ ಹೋಗುವುದು ಕಡಿಮೆ ಖರ್ಚಿನ ದಾರಿ. ಇಲ್ಲಿ ಕ್ರಮ ತಪ್ಪಿಸುವಂತಿರಲಿಲ್ಲ, ಏಕೆಂದರೆ ನಟರು ವೈದ್ಯಕೀಯ ಮೇಲ್ವಿಚಾರಣೆಯಲ್ಲಿ ನಿಜವಾಗಿ ತೂಕ ಇಳಿಸುತ್ತಿದ್ದರು. ಇಳಿದ ತೂಕವನ್ನು ಮಧ್ಯೆ ಏರಿಸಿ ಮತ್ತೆ ಇಳಿಸಲು ದೇಹ ಒಪ್ಪುವುದಿಲ್ಲ. ಇನ್ನೊಂದು ಪರಿಣಾಮವೂ ಇತ್ತು: ಕಥೆಯಲ್ಲಿ ಸತ್ತ ಪಾತ್ರದ ನಟ ಚೀಲ ಹೊತ್ತು ಊರಿಗೆ ಹೊರಡುತ್ತಾನೆ, ಮರುದಿನ ಅವನ ಜಾಗ ಖಾಲಿ. ಉಳಿದವರ ಮುಖದ ಮೇಲೆ ಆ ಖಾಲಿತನ ತಾನಾಗಿ ಬರುತ್ತದೆ.

ಪ್ರಸಾಧನದವರ ಬಳಿ ದಿನವಾರು ನಕ್ಷೆ ಇರಬೇಕು. ಗಡ್ಡ ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ, 72ನೆಯ ದಿನಕ್ಕೆ ಎರಡೂವರೆಯಿಂದ ಮೂರು ಸೆಂಟಿಮೀಟರ್. ಅದಕ್ಕಿಂತ ಉದ್ದದ ಗಡ್ಡ ಅಂಟಿಸಿದರೆ ಋಷಿಯ ವೇಷವಾಗುತ್ತದೆ. ಹಿಮದ ಮೇಲೆ ಬಿಸಿಲು ಸುಡುವ ರೀತಿ ಬೇರೆ. ಹೊಸ ಹಿಮ ನೇರಳಾತೀತ ಕಿರಣದ ಬಹುಪಾಲನ್ನು ಹಿಂದಕ್ಕೆ ಎಸೆಯುವುದರಿಂದ ಗದ್ದದ ಅಡಿ, ಮೂಗಿನ ಹೊಳ್ಳೆಯ ಒಳ ಅಂಚು, ಕಣ್ಣಿನ ಕೆಳಗೂ ಸುಟ್ಟ ಗಾಯ ಬೀಳುತ್ತದೆ. ಬರೀ ಹಣೆ, ಕೆನ್ನೆ ಕೆಂಪು ಮಾಡಿದರೆ ಅದು ಕಡಲತೀರದ ಬಿಸಿಲು. ತುಟಿ ಮೊದಲು ಬಿಳಿಚಿ ಒಣಗಿ, ಆಮೇಲೆ ಸೀಳಿ, ಆಮೇಲೆ ಕಪ್ಪು ಹೊಪ್ಪಳೆಗಟ್ಟುತ್ತದೆ. ಈ ಮೂರು ಹಂತದಲ್ಲಿ ಒಂದು ಹಿಂದುಮುಂದಾದರೂ ಗೊತ್ತಾಗಿಬಿಡುತ್ತದೆ. ಈ ಚಿತ್ರ ಆಸ್ಕರ್‌ನಲ್ಲಿ ಪ್ರಸಾಧನ ವಿಭಾಗಕ್ಕೆ ನಾಮನಿರ್ದೇಶನ ಪಡೆದದ್ದು ಇಂಥ ಕೆಲಸಕ್ಕೆ.

ವಿಮಾನ ಬಿದ್ದ ಹಿಮನದಿ ಸುಮಾರು 3,570 ಮೀಟರ್ ಎತ್ತರದಲ್ಲಿದೆ. ತಂಡ ಅಲ್ಲಿಗೂ ಹೋಗಿ ಸುತ್ತಲಿನ ಶಿಖರಗಳನ್ನು ಚಿತ್ರೀಕರಿಸಿ ತಂದಿತು, ನಟರೊಂದಿಗಿನ ಕೆಲಸ ಹೆಚ್ಚಾಗಿ ಸ್ಪೇನಿನ ಸಿಯೆರಾ ನೆವಾಡದಲ್ಲಿ ನಡೆಯಿತು. ಒಂದರ ಹಿನ್ನೆಲೆಯನ್ನು ಇನ್ನೊಂದರ ಮುನ್ನೆಲೆಗೆ ಕೂಡಿಸುವಾಗ ಬೆಳಕಿನ ದಿಕ್ಕೇ ದೊಡ್ಡ ತಲೆನೋವು. ದಕ್ಷಿಣ ಗೋಳಾರ್ಧದಲ್ಲಿ ನಡುಹಗಲ ಸೂರ್ಯ ಉತ್ತರದಲ್ಲಿರುತ್ತಾನೆ, ಸ್ಪೇನಿನಲ್ಲಿ ದಕ್ಷಿಣದಲ್ಲಿ. ಆದ್ದರಿಂದ ವಿಮಾನದ ಮಾದರಿಯನ್ನು ಯಾವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕದಿದ್ದರೆ ನೆರಳು ಉಲ್ಟಾ ಬೀಳುತ್ತದೆ.

ಹಿಮಕ್ಕೆ ಎರಡನೆಯ ಟೇಕ್ ಇಲ್ಲ. ಒಬ್ಬ ಸಹಾಯಕ ಮರೆತು ಅಡ್ಡ ನಡೆದರೆ ಆ ಹೆಜ್ಜೆಗುರುತು ಅಂದಿನ ಕೆಲಸವನ್ನೇ ಕೆಡಿಸುತ್ತದೆ. ಮುಟ್ಟಬಾರದ ಬದಿ ಯಾವುದು, ತಂಡ ಬಂದುಹೋಗುವ ಬದಿ ಯಾವುದು ಎಂದು ಬೆಳಗ್ಗೆಯೇ ಹಗ್ಗ ಕಟ್ಟಬೇಕು. ಒಳಾಂಗಣದಲ್ಲಿ ಕಾಗದದ ನಾರಿನ ಹಿಮ ಬಳಸಬಹುದು, ಅದು ಕರಗದು, ಅದೇ ಅದರ ದೋಷ ಕೂಡ: ಬಟ್ಟೆಯ ಮೇಲೆ ಬಿದ್ದು ಒದ್ದೆಯಾಗದೆ ಉಳಿದರೆ ಕಣ್ಣು ನಂಬುವುದಿಲ್ಲ. ಒಳಾಂಗಣ ಬೆಚ್ಚಗಿದ್ದರೆ ಬಾಯಿಂದ ಆವಿ ಬಾರದು. ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಿದ ಆವಿ ಮಾತಿನ ಉಸಿರಿಗೆ ಹೊಂದುವುದು ಅಪರೂಪ.

ಹಿಮಪಾತದ ದೃಶ್ಯದಲ್ಲಿ ಇಕ್ಕಟ್ಟಾದ ವಿಮಾನದ ಒಡಲೊಳಗೆ ನಟರನ್ನು ಹೂಳಬೇಕಾಗುತ್ತದೆ. ಇಂಥ ದೃಶ್ಯಕ್ಕೆ ಪ್ರತಿ ನಟನಿಗೂ ಕಣ್ಣಿಟ್ಟಿರುವ ಒಬ್ಬ ರಕ್ಷಕ, ಕೈ ಮೇಲೆ ಉಳಿದಿರಬೇಕೆಂಬ ನಿಯಮ, ಬೆರಳಿನ ಸಂಜ್ಞೆ, ಎಷ್ಟು ಸೆಕೆಂಡಿಗೆ ಹೊರಗೆಳೆಯಬೇಕೆಂಬ ಅಭ್ಯಾಸ, ನಿರ್ದೇಶಕ ಹೇಳದಿದ್ದರೂ ‘ನಿಲ್ಲಿಸಿ’ ಎನ್ನುವ ಅಧಿಕಾರ ಇರುವ ಒಬ್ಬ ವ್ಯಕ್ತಿ, ಇಷ್ಟೂ ಬೇಕು. ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ 1989ರ ಫೆಬ್ರುವರಿ 8ರಂದು ಟಿಪ್ಪು ಸುಲ್ತಾನನ ಧಾರಾವಾಹಿಯ ಚಿತ್ರೀಕರಣದ ವೇಳೆ ಹತ್ತಿದ ಬೆಂಕಿಯಲ್ಲಿ 62 ಜನ ಸತ್ತರು. ಗಾಳಿಯಾಡದ ಸೆಟ್ಟು, ಗೋಡೆಗೆ ಹೊದಿಸಿದ ಗೋಣಿತಾಟು, ಸಡಿಲ ವೈರಿಂಗು. ದುರಂತವನ್ನು ಚಿತ್ರಿಸಲು ಹೋಗಿ ಇನ್ನೊಂದು ದುರಂತ ಮಾಡಿಕೊಳ್ಳಬಾರದು ಎಂಬುದು ನಮ್ಮ ನಾಡಿನವರಿಗೆ ಯಾರೂ ಹೊರಗಿನಿಂದ ಬಂದು ಹೇಳಬೇಕಾದ ಮಾತಲ್ಲ.

ಚಿತ್ರ ಲೋಕಕ್ಕೆ ಹೋಗುವ ಮೊದಲು ಮನೆಯವರಿಗೆ ತೋರಿಸಬೇಕು. ವಿತರಣೆಯ ಒಪ್ಪಂದ ಬರೆಯುವಾಗಲೇ ಇದಕ್ಕೆ ದಿನ ಗೊತ್ತು ಮಾಡದಿದ್ದರೆ ಕೊನೆಗೆ ಸಮಯ ಸಿಗುವುದಿಲ್ಲ. ಪತ್ರಕರ್ತರಿಲ್ಲದ ಸಭಾಂಗಣ, ಮಧ್ಯದಲ್ಲಿ ಎದ್ದುಹೋಗಲು ಅನುವಾದ ಸೀಟು, ಯಾವ ನಿಮಿಷದಲ್ಲಿ ಯಾರ ಸಾವು ಬರುತ್ತದೆ ಎಂದು ಮೊದಲೇ ಕೊಟ್ಟ ಚೀಟಿ, ಹೊರಗೆ ಒಬ್ಬ ಆಪ್ತಸಮಾಲೋಚಕ. ಬಯೋನ ಬದುಕಿ ಉಳಿದವರಿಗೂ ಸತ್ತವರ ಮನೆಯವರಿಗೂ ಚಿತ್ರವನ್ನು ತೋರಿಸಿದ ಮೇಲೆಯೇ ಅದು ಥಿಯೇಟರಿಗೆ ಹೋಯಿತು.

ಬದುಕಿ ಬಂದವರಲ್ಲಿ ಕೆಲವರು ಚಿತ್ರದಲ್ಲೂ ಬಂದುಹೋಗುತ್ತಾರೆ. ಅವರಲ್ಲೊಬ್ಬರು ಕಾರ್ಲಿತೊಸ್ ಪಾಯೆಜ್. ಅವರ ತಂದೆ ಕಾರ್ಲೊಸ್ ಪಾಯೆಜ್ ವಿಲಾರೊ ಹೆಸರಾಂತ ಕಲಾವಿದ, ಸರ್ಕಾರ ಹುಡುಕಾಟ ಕೈಬಿಟ್ಟರೂ ಮಗನನ್ನು ಹುಡುಕುವುದು ಬಿಡದ ಮನುಷ್ಯ. ಬದುಕಿರುವವರ ಪಟ್ಟಿ ಕೈಗೆ ಬಂದ ದಿನ ಅದನ್ನು ಓದಿ ಹೇಳಿದವರು ಅವರೇ. ಚಿತ್ರದಲ್ಲಿ ಆ ತಂದೆಯ ಪಾತ್ರ ಮಾಡಿರುವುದು ಮಗ. ಎಪ್ಪತ್ತರ ಹತ್ತಿರದ ಮನುಷ್ಯ ಫೋನು ಹಿಡಿದು ಒಂದೊಂದಾಗಿ ಹೆಸರು ಓದುತ್ತಾರೆ. ನಡುವೆ ತಮ್ಮದೇ ಹೆಸರು ಬರುತ್ತದೆ, ‘ನನ್ನ ಮಗ’ ಎಂದು ಸೇರಿಸುತ್ತಾರೆ, ಮುಂದಿನ ಹೆಸರು ಓದುತ್ತಾರೆ.